ಆ ಎಂಟು ದಿನ ತೋಮನು ಎಲ್ಲಿದ್ದ?

ನಂಬಿಕೆ ಹೋಗುವುದು ಬೇರೆ, ನಂಬಿಕೆ ಒಣಗುವುದು ಬೇರೆ. ಹೋದವರಿಗೆ ಹೋಯಿತೆಂದು ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಅವರು ನಿಶ್ಚಿಂತೆಯಿಂದ ಪೇಪರು ಓದುತ್ತ ಮನೆಯಲ್ಲಿ ಕೂರಬಹುದು. ಒಣಗಿದವರ ಪಾಡು ಹಾಗಲ್ಲ. ದೇವರಿದ್ದಾನೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ, ಯೇಸುಸ್ವಾಮಿ ಸಮಾಧಿಯಿಂದ ಎದ್ದುಬಂದದ್ದರಲ್ಲೂ ಅನುಮಾನವಿಲ್ಲ. ಆದರೆ ಕಣ್ಣು ಮುಚ್ಚಿ ಕೂತರೆ ಆ ಕಡೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುವುದಿಲ್ಲ. ಹಾಡು ಬಾಯಲ್ಲಿ ಬರುತ್ತದೆ, ಒಳಗೆ ಏನೂ ಕದಲುವುದಿಲ್ಲ. ಚರ್ಚಿಗೆ ಹೋಗುವುದು, ಬರುವುದು, ಕಾಣಿಕೆ ಹಾಕುವುದು ಎಲ್ಲ ನಡೆಯುತ್ತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಇಂಥ ಕಾಲ ನನಗೆ ಚೆನ್ನೈನಲ್ಲಿ ಬಂತು. ಬರಬಹುದೆಂದು ಯಾರೂ ಹೇಳಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದರು. ನಮ್ಮದು ಆ ಸಭೆಯ ಹಳೆಯ ಮನೆತನ. ಅಪ್ಪ ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿದ್ದರು. ರಾತ್ರಿ ಊಟಕ್ಕೆ ಮೊದಲು ಮನೆ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಚಾಪೆ ಹಾಸಿ ಎಲ್ಲರೂ ಕೂತು, ಒಬ್ಬೊಬ್ಬರು ಒಂದೊಂದು ವಚನದಂತೆ ಸುತ್ತು ಹಾಕಿ ಅಧ್ಯಾಯ ಮುಗಿಸಬೇಕು. ಓದಲು ಬಾರದ ಅಜ್ಜಿಗೆ ಪಕ್ಕದವರು ಹೇಳಿಕೊಡುತ್ತಿದ್ದರು, ಅವಳು ಹಿಂದಿನಿಂದ ಹೇಳುತ್ತಿದ್ದಳು. ನಮ್ಮ ಸತ್ಯವೇದದ ಕರಿ ರಟ್ಟಿನ ಒಳಪುಟದಲ್ಲಿ ಮನೆಯ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಮೂರು ತಲೆಮಾರಿನ ಕೈಬರಹದಲ್ಲಿ ಇದ್ದವು. ಕೀರ್ತನೆಗಳ ಪುಟಗಳ ಮೂಲೆ ಎಣ್ಣೆ ಹತ್ತಿ ಪಾರದರ್ಶಕವಾಗಿದ್ದವು. ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ಬಳ್ಳಾರಿಯಲ್ಲಿ ಕೂತು 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದರು. ಆಮೇಲೆ ಎಷ್ಟೋ ಸಲ ತಿದ್ದಿಸಿಕೊಂಡು ಬಂದ ಆ ಕನ್ನಡವೇ ನನಗೆ ದೇವರ ಜೊತೆ ಮಾತಾಡುವ ಕನ್ನಡ. ಅಂಗಡಿಯಲ್ಲಿ, ಶಾಲೆಯಲ್ಲಿ ಆಡುವ ಕನ್ನಡಕ್ಕಿಂತ ಅದು ಬೇರೆಯೇ.

ಮದುವೆಯಾಗಿ ಚೆನ್ನೈಗೆ ಬಂದೆ. ನನ್ನವರಿಗೆ ಪೆರಂಬೂರಿನ ರೈಲ್ವೆ ಬೋಗಿ ಕಾರ್ಖಾನೆ ಐಸಿಎಫ್‌ನಲ್ಲಿ ಕೆಲಸ. ಮನೆ ವಿಲ್ಲಿವಾಕ್ಕಂ ಕಡೆ. ಹತ್ತಿರದ ಸಿಎಸ್‌ಐ ಚರ್ಚಿನಲ್ಲಿ ತಮಿಳು ಆರಾಧನೆ. ಮೊದಲ ವರ್ಷಗಳಲ್ಲಿ ತಮಿಳು ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದೆ. ಆಮೇಲೆ ಅಕ್ಷರವೂ ಕೈಹಿಡಿಯಿತು. ಅಲ್ಲಿನವರು ನನ್ನನ್ನು ತಮ್ಮವಳಂತೆ ಕಂಡರು. ಹಾಗಾಗಿ ಊರು ಬಿಟ್ಟದ್ದರಿಂದ, ಭಾಷೆ ಬದಲಾದದ್ದರಿಂದ ಒಣಗಿದೆ ಎಂದು ಹೇಳಲಾರೆ. ಸಾವು ನೋವು ಯಾವುದೂ ಆಗಿರಲಿಲ್ಲ. ಮಕ್ಕಳು ಓದುತ್ತಿದ್ದರು, ಮನೆಯವರು ಆರೋಗ್ಯವಾಗಿದ್ದರು. ಕಾರಣವೇ ಇಲ್ಲದೆ ಬಂದದ್ದು ಅದು. ಒಂದು ದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಹೇಳಲು ಏನೂ ಇಲ್ಲ ಅನಿಸಿತು. ಮರುದಿನವೂ ಅಷ್ಟೇ. ತಿಂಗಳುಗಳಾದವು.

ಕಷ್ಟಕ್ಕೆ ಕಾರಣವಿದ್ದರೆ ಜನ ಜೊತೆಗೆ ನಿಲ್ಲುತ್ತಾರೆ. ಕಾರಣವಿಲ್ಲದ ಒಣಗುವಿಕೆಗೆ ಕಾರಣ ಹುಡುಕಲು ಹೊರಡುತ್ತಾರೆ. ನಂಬಿದ ಒಂದಿಬ್ಬರ ಹತ್ತಿರ ಬಾಯಿಬಿಟ್ಟೆ. ಒಬ್ಬರು, ಮನಸ್ಸಿನಲ್ಲಿ ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡಿದ್ದೀಯಾ ನೋಡಿಕೋ ಎಂದರು. ಇನ್ನೊಬ್ಬರು ಉಪವಾಸ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎಲ್ಲರೂ ಅಳುತ್ತ ಕೈಯೆತ್ತಿ ಪ್ರಾರ್ಥಿಸುತ್ತಿದ್ದಾಗ ನಾನು ಕಣ್ಣು ತೆರೆದು ನಿಂತಿದ್ದೆ. ಯೋಬನ ಗ್ರಂಥದಲ್ಲಿ ಅವನ ಗೆಳೆಯರು ಮೊದಲ ಏಳು ದಿನ ಬಾಯಿ ತೆರೆಯದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಎಂದು ನನಗನಿಸುತ್ತದೆ. ಮಾತು ಶುರುವಾದ ಮೇಲೆ ಎಲ್ಲ ಕೆಟ್ಟಿತು.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಅದನ್ನು ನಾನು ಗೌರವಿಸುತ್ತೇನೆ. ಕಾಯಿಲೆ ವಾಸಿಯಾದದ್ದು, ಮಗನಿಗೆ ಕೆಲಸ ಸಿಕ್ಕಿದ್ದು, ಸಾಲ ತೀರಿದ್ದು ಕೇಳಿದಾಗ ನಿಜವಾಗಿ ಸಂತೋಷವಾಗುತ್ತದೆ. ಆದರೆ ಒಂದು ವರ್ಷದಿಂದ ದೇವರು ನನ್ನ ಜೊತೆ ಮಾತಾಡಿಲ್ಲ, ಆದರೂ ಬಂದಿದ್ದೇನೆ ಎಂದು ಎದ್ದುನಿಂತು ಹೇಳಿದವರನ್ನು ನಾನು ಕಂಡಿಲ್ಲ. ಹಾಗೆ ಯಾರಾದರೂ ಹೇಳಿದ್ದರೆ ಎಷ್ಟು ಜನ ಒಳಗೊಳಗೇ ಉಸಿರು ಬಿಡುತ್ತಿದ್ದರೋ.

ನಾನು ಹೀಗಿದ್ದದ್ದು 2019ರ ಬೇಸಿಗೆಯಲ್ಲಿ. ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳು ಬತ್ತಿದ್ದವು. ಆರು ತಿಂಗಳಿಗೂ ಮೇಲೆ ನಗರದಲ್ಲಿ ಮಳೆ ಇಲ್ಲ. ಮೆಟ್ರೋ ವಾಟರ್ ಲಾರಿ ಬಂದರೆ ಬೀದಿಯುದ್ದಕ್ಕೂ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು. ಗುಡಿ, ಮಸೀದಿ, ಚರ್ಚು ಎಲ್ಲ ಕಡೆ ಮಳೆಗಾಗಿ ಪ್ರಾರ್ಥನೆ. ಜುಲೈ 12ರಂದು ಜೋಲಾರ್‌ಪೇಟೆಯಿಂದ ಮೊದಲ ನೀರಿನ ರೈಲು ನಮ್ಮ ವಿಲ್ಲಿವಾಕ್ಕಂ ಯಾರ್ಡಿಗೇ ಬಂತು: ಐವತ್ತು ವ್ಯಾಗನ್ನು, 25 ಲಕ್ಷ ಲೀಟರ್. ಮೆಟ್ಟೂರಿನ ಕಾವೇರಿ ನೀರು ಅದು. ಕೊಡಗಿನಲ್ಲಿ ಹುಟ್ಟಿದ ನದಿ ರೈಲು ಹತ್ತಿ ನನ್ನ ಬೀದಿಯ ಹಿಂದೆ ಬಂದು ನಿಂತಿದೆ ಎಂದು ತಿಳಿದಾಗ ಕಣ್ಣು ತುಂಬಿತು. ಬಹಳ ದಿನಗಳ ಮೇಲೆ ನನ್ನೊಳಗೆ ಏನಾದರೂ ಕದಲಿದ್ದರೆ ಅದೇ.

ಆ ದಿನಗಳಲ್ಲೇ ಆವಿಲಾದ ತೆರೇಸಾ ಬರೆದ ಆತ್ಮಕಥೆ ಕೈಗೆ ಸಿಕ್ಕಿತು. ಹದಿನಾರನೆಯ ಶತಮಾನದ ಸ್ಪೇನ್ ದೇಶದ ಸನ್ಯಾಸಿನಿ ಆಕೆ. ಪ್ರಾಟೆಸ್ಟೆಂಟ್ ಮನೆಯಲ್ಲಿ ಬೆಳೆದ ನಾನು ಕೆಥೋಲಿಕ ಸಂತರನ್ನು ಓದಿದವಳಲ್ಲ. ಪ್ರಾರ್ಥನೆ ಎಂದರೆ ತೋಟಕ್ಕೆ ನೀರುಣಿಸುವ ಕೆಲಸ ಎನ್ನುತ್ತಾಳೆ ಆಕೆ. ನೀರುಣಿಸಲು ನಾಲ್ಕು ಬಗೆ: ಬಾವಿಯಿಂದ ಕೊಡದಲ್ಲಿ ಸೇದಿ ಹೊರುವುದು, ಗಾಲಿ ಕಟ್ಟಿ ಎತ್ತುವುದು, ಹೊಳೆಯಿಂದ ಕಾಲುವೆ ತರುವುದು, ಕಡೆಯದು ಮಳೆ. ಮಳೆ ಬಂದಾಗ ತೋಟಗಾರನಿಗೆ ಕೆಲಸವೇ ಇಲ್ಲ. ಇಷ್ಟು ಯಾರಾದರೂ ಹೇಳಿಯಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು: ಬಾವಿಯೇ ಬತ್ತಿದ್ದರೆ? ಆಗಲೂ ತೋಟಗಾರ ಬಾವಿಯ ಹತ್ತಿರ ಬಂದು ತನ್ನ ಕೈಲಾದದ್ದು ಮಾಡಬೇಕು, ನೀರಿಲ್ಲದೆಯೇ ಗಿಡ ಉಳಿಸುವುದು ಯಜಮಾನನಿಗೆ ಗೊತ್ತು ಎನ್ನುತ್ತಾಳೆ ಆಕೆ. ಖಾಲಿ ಕೊಡ ಹಿಡಿದು ಸಾಲಿನಲ್ಲಿ ನಿಂತು ಬಂದ ದಿನ ಓದಿದ ಪುಟ ಅದು. ಆ ಪುಸ್ತಕದಲ್ಲೇ ಇನ್ನೊಂದು ಮಾತೂ ಇದೆ. ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗಲೆಲ್ಲ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಆಕೆ ಕಿವಿಗೊಟ್ಟು ಕಾಯುತ್ತಿದ್ದಳಂತೆ. ಪ್ರಾರ್ಥನೆಯ ಗುರು ಎಂದು ಇಡೀ ಕ್ರೈಸ್ತ ಲೋಕ ಒಪ್ಪಿದ ಹೆಂಗಸು ಇದನ್ನು ಬರೆದಿಟ್ಟಳಲ್ಲ, ಅದೇ ದೊಡ್ಡ ಉಪಕಾರ.

ದೇವರ ಉತ್ತರಕ್ಕೆ ಕಾಯುವವರಿಗೆ ಚೆನ್ನೈ ಹೊಸ ಊರಲ್ಲ. 1545ರಲ್ಲಿ ಮಿಷನರಿ ಫ್ರಾನ್ಸಿಸ್ ಜೇವಿಯರ್ ಇಲ್ಲಿನ ಮೈಲಾಪುರಕ್ಕೆ ಬಂದದ್ದು ಏನು ಮಾಡಬೇಕೆಂದು ತಿಳಿಯದೆ. ಪೂರ್ವಕ್ಕೆ ಹಡಗು ಹತ್ತಬೇಕೋ ಬೇಡವೋ ಎಂಬ ಪ್ರಶ್ನೆ ಹೊತ್ತು ಬಂದು, ಯೇಸುವಿನ ಶಿಷ್ಯ ತೋಮನ ಸಮಾಧಿ ಎಂದು ನಂಬುವ ಜಾಗದಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದನಂತೆ. ಕೆಲವು ತಿಂಗಳಾದ ಮೇಲೆ ಮನಸ್ಸು ಗಟ್ಟಿಯಾಗಿ ಮಲಕ್ಕಾಕ್ಕೆ ಹೊರಟ. ಆ ಸಮಾಧಿಯ ಮೇಲೆ ಈಗಿರುವುದು 1896ರಲ್ಲಿ ಕಟ್ಟಿ ಮುಗಿಸಿದ ಸ್ಯಾನ್ ಥೋಮ್ ಬೆಸಿಲಿಕಾ. ನಾನೂ ಹೋಗಿ ಕೂತು ಬಂದೆ. ಅವನಿಗೆ ಉತ್ತರ ಸಿಕ್ಕಿತು, ನನಗೆ ಸಿಗಲಿಲ್ಲ. ಸಮುದ್ರದ ಗಾಳಿ ಚೆನ್ನಾಗಿತ್ತು.

ಪರಂಗಿಮಲೆಯ ವಿಷಯ ಬೇರೆ. ಇಂಗ್ಲಿಷಿನಲ್ಲಿ ಸೇಂಟ್ ಥಾಮಸ್ ಮೌಂಟ್ ಎನ್ನುವ ಗುಡ್ಡ ಅದು. ತೋಮನು ಅಲ್ಲಿ ಕ್ರಿ.ಶ. 72ರಲ್ಲಿ ಪ್ರಾಣ ಬಿಟ್ಟನೆಂದು ಪರಂಪರೆ ಹೇಳುತ್ತದೆ. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಪೋರ್ಚುಗೀಸರು 1523ರಲ್ಲಿ ಅಲ್ಲಿ ಚರ್ಚು ಕಟ್ಟಿದರು. 1547ರಲ್ಲಿ ಪಹ್ಲವಿ ಲಿಪಿ ಕೊರೆದ ಕಲ್ಲಿನ ಶಿಲುಬೆ ಸಿಕ್ಕಿ, ಅದನ್ನು ಬಲಿಪೀಠದ ಹಿಂದೆ ಕೂರಿಸಿದರು. ಗುಡ್ಡ ಹತ್ತಲು ಕಲ್ಲಿನ ಮೆಟ್ಟಿಲು ಕಟ್ಟಿಸಿದ್ದು ಪೇತ್ರಸ್ ಉಸ್ಕಾನ್ ಎಂಬ ಆರ್ಮೇನಿಯನ್ ವ್ಯಾಪಾರಿ, 1726ರಲ್ಲಿ. ಯಾತ್ರಿಕರು ದಾಟಲೆಂದು ಸೈದಾಪೇಟೆಯಲ್ಲಿ ಅಡ್ಯಾರ್ ಹೊಳೆಗೆ ಸೇತುವೆಯನ್ನೂ ಅವನೇ ಕಟ್ಟಿಸಿದ. ಪ್ರವಚನ ಮಾಡಿದವನಲ್ಲ, ಪುಸ್ತಕ ಬರೆದವನಲ್ಲ. ಮುದುಕರು, ಗರ್ಭಿಣಿಯರು ಏದುಸಿರು ಬಿಡದೆ ಹತ್ತಲಿ ಎಂದು ಮೆಟ್ಟಿಲು ಹಾಕಿಸಿದ. ಭಕ್ತಿಯಲ್ಲಿ ಇದಕ್ಕಿಂತ ದೊಡ್ಡದು ಯಾವುದು ಎಂದು ನನಗೆ ಗೊತ್ತಿಲ್ಲ.

ಮೇಲೆ ಹೋಗಿ ನಿಂತರೆ ಮೀನಂಬಾಕ್ಕಂ ವಿಮಾನ ನಿಲ್ದಾಣದ ರನ್‌ವೇ ಪೂರ್ತಿ ಕಾಣುತ್ತದೆ. ನಾನು ಅಲ್ಲೊಂದು ಕಟ್ಟೆಯ ಮೇಲೆ ಕೂತು ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ ಓದಿದೆ. ಅದು ಬಾಯಿಪಾಠವಾದ ಭಾಗ. ಯೇಸು ಎದ್ದ ದಿನ ಸಂಜೆ ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಗಾಯಗಳನ್ನು ಮುಟ್ಟಿದ ಹೊರತು ನಂಬುವುದಿಲ್ಲವೆಂದ. ಎಂಟು ದಿನಗಳಾದ ಮೇಲೆ ಯೇಸು ಮತ್ತೆ ಬಂದ. ಭಾನುವಾರ ಶಾಲೆಯಿಂದ ಹಿಡಿದು ಕೇಳಿದ ಪ್ರಸಂಗಗಳೆಲ್ಲ ಇಲ್ಲಿಂದ ನೇರವಾಗಿ ಗಾಯ ಮುಟ್ಟುವ ಮಾತಿಗೆ ಹಾರುತ್ತವೆ. ನಾನೂ ಹಾಗೇ ಓದುತ್ತ ಬಂದಿದ್ದೆ. ಆ ದಿನ ನಡುವಿನ ಎಂಟು ದಿನ ಕಣ್ಣಿಗೆ ಬಿತ್ತು.

ಆ ಎಂಟು ದಿನ ತೋಮ ಎಲ್ಲಿದ್ದ? ಸುವಾರ್ತೆ ಒಂದೇ ಸಂಗತಿ ಹೇಳುತ್ತದೆ: ಎಂಟು ದಿನಗಳಾದ ಮೇಲೆ ಶಿಷ್ಯರು ಬಾಗಿಲು ಹಾಕಿಕೊಂಡು ಒಳಗಿದ್ದಾಗ ತೋಮನೂ ಅವರ ಸಂಗಡ ಇದ್ದ. ಅಂದರೆ ಅವನು ಎದ್ದು ಹೋಗಿರಲಿಲ್ಲ. ಸುತ್ತಲಿನವರೆಲ್ಲ ಕಂಡಿದ್ದಾರೆ, ಆನಂದದಿಂದ ತುಂಬಿದ್ದಾರೆ, ಇವನೊಬ್ಬ ಕಂಡಿಲ್ಲ. ಅವರ ಮಾತು, ಅವರ ಹಾಡು ಅವನಿಗೆ ಎಷ್ಟು ಕಷ್ಟವಾಗಿರಬೇಕು! ಅವರ ಜೊತೆಯೇ ಊಟ ಮಾಡಿ, ಅಲ್ಲೇ ಮಲಗಿ ಎದ್ದಿರಬೇಕು. ಅವರೂ ಅವನನ್ನು ಹೊರಗೆ ಕಳಿಸಲಿಲ್ಲ. ನಂಬಿದ ಮೇಲೆ ಬಾ ಎಂದು ಹೇಳಿದ್ದರೆ ಯೇಸು ಎರಡನೆಯ ಸಲ ಬಂದಾಗಲೂ ತೋಮ ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಅಪನಂಬಿಕೆಯವನು ಎಂದು ಎರಡು ಸಾವಿರ ವರ್ಷ ಅವನ ಹೆಸರಿಗೆ ಮಸಿ ಬಳಿದದ್ದು ಅನ್ಯಾಯ. ಏನೂ ಕಾಣದೆ ಎಂಟು ದಿನ ಅಲ್ಲೇ ಉಳಿದವನು ಅವನು. ಈ ಊರು ಅವನ ಹೆಸರನ್ನು ಇಷ್ಟು ಕಾಲ ಹೊತ್ತುಕೊಂಡಿರುವುದು ಸರಿಯಾಗಿಯೇ ಇದೆ.

ನಮ್ಮ ಚರ್ಚಿನಲ್ಲಿ ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಒಬ್ಬ ಅಜ್ಜಿಯದು. ಎಲ್ಲರೂ ಪಾಟ್ಟಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆ ಬೇಸಿಗೆಯಲ್ಲಿ ಪಾಟ್ಟಿಗೆ ಮೊಣಕಾಲು ನೋವು ಜಾಸ್ತಿಯಾಗಿ, ಜೊತೆಗೆ ಬಾ ಎಂದು ನನ್ನನ್ನು ಕರೆದರು. ಪ್ರಾರ್ಥನೆಯಂತೂ ಬರುತ್ತಿಲ್ಲ, ಬಟ್ಟೆಯನ್ನಾದರೂ ಒಗೆಯೋಣವೆಂದು ಹೋದೆ. ಅರ್ಧ ಬಕೆಟ್ಟು ನೀರಿನಲ್ಲಿ ಆಗಬೇಕು ಕೆಲಸ. ದ್ರಾಕ್ಷಾರಸದ ಕಲೆಯ ಮೇಲೆ ಉಪ್ಪು ತಿಕ್ಕಿ, ಒಂದು ಹಿಡಿ ನೀರು ಹನಿಸಿ, ಹೆಬ್ಬೆರಳಿನಿಂದ ಉಜ್ಜಿ, ಮತ್ತೆ ಉಪ್ಪು. ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಕಲೆ ಇನ್ನೂ ಇದೆಯೋ ಎಂದು ನನ್ನ ಕಣ್ಣಿನಿಂದ ನೋಡಿಸುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ಸಲ ಅದ್ದಿದ ನೀರನ್ನು ಮೋರಿಗೆ ಚೆಲ್ಲಬಾರದು. ಹಿಂದಿನ ಅಂಗಳದ ನಂದಿಬಟ್ಟಲು ಗಿಡದ ಬುಡಕ್ಕೇ ಹಾಕಬೇಕು. ಮಡಿಕೆ ತಪ್ಪಿದರೆ ಬಿಚ್ಚಿ ಮತ್ತೆ ಮಡಿಸಬೇಕು.

ಒಂದು ದಿನ ಬಟ್ಟೆ ಮಡಿಸುತ್ತ ನನ್ನ ಸ್ಥಿತಿ ಹೇಳಿಕೊಂಡೆ. ಪಾಟ್ಟಿ ಕಾರಣ ಕೇಳಲಿಲ್ಲ. "ನನಗೂ ಇತ್ತಮ್ಮಾ. ನಮ್ಮವರು ತೀರಿಕೊಂಡ ಮೇಲೆ ಬಹಳ ವರ್ಷ ಇತ್ತು. ಚರ್ಚಿಗೆ ಬರುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಪಕ್ಕದವರು ಹಾಡುತ್ತಿದ್ದರು, ನಾನು ಅವರ ಪಕ್ಕ ಕೂತಿರುತ್ತಿದ್ದೆ" ಎಂದರು. ಆಮೇಲೆ, "ಆ ತುದಿ ಹಿಡಿ" ಎಂದು ಮೇಜಿನ ಉದ್ದ ಬಟ್ಟೆಯ ಇನ್ನೊಂದು ಕೊನೆ ನನ್ನ ಕೈಗೆ ಕೊಟ್ಟರು. ನಾನು ಕೇಳಿದ ಅತ್ಯುತ್ತಮ ಪ್ರಸಂಗ ಅದು.

ಅಪ್ಪನಿಗೆ ಫೋನಿನಲ್ಲಿ ಹೇಳಲು ಹೆದರಿಕೆ ಇತ್ತು. ಎಂಬತ್ತು ದಾಟಿದವರು, ಮಗಳ ನಂಬಿಕೆ ಹೋಯಿತೆಂದು ನೊಂದುಕೊಂಡಾರು ಎಂದು. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರಾರ್ಥನಾ ಬರವಲ್ದು ಅಂದ್ರ ಇರ್ಲಿ ಬಿಡವಾ. ಕೀರ್ತನಿ ಓದು. ಮನಸಿನ್ಯಾಗ ಅಲ್ಲ, ಬಾಯಿ ತೆರದು ಓದು. ನಿನ್ನ ಕಿವಿಗೆ ಕೇಳುವಂಗ ಓದಿದ್ರ ಸಾಕು" ಎಂದರು. ಕಂಪೌಂಡರ್ ಆಗಿದ್ದವರು. ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದನ್ನೂ ಹೇಳಿದರು: ಬೆಳಿಗ್ಗೆ ಒಂದು, ಮಲಗುವ ಮೊದಲು ಒಂದು, ಬಿಡದೆ ಕ್ರಮವಾಗಿ.

ಹಾಗೆ ಕನ್ನಡದಲ್ಲಿ ಗಟ್ಟಿಯಾಗಿ ಓದತೊಡಗಿದೆ. ಅಡುಗೆಮನೆಯಲ್ಲಿ ನಿಂತು, ಕುಕ್ಕರ್ ಕೂಗುವ ಮೊದಲು. ಕೀರ್ತನೆಗಳು ನೂರೈವತ್ತು. ಅವುಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಅಳಲು, ದೂರು, ಮೊರೆ. ಇದು ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿದ್ದಾಗ ಆ ಕೀರ್ತನೆಗಳು ಬೇರೆ ಯಾರದೋ ಕಥೆ ಎಂದು ದಾಟಿಹೋಗುತ್ತೇವೆ. ಈಗ ಅವು ನನ್ನ ಸಾಲುಗಳಾದವು. ದೇವರನ್ನು ನಿದ್ದೆಯಿಂದ ಎಬ್ಬಿಸುವವರು, ಮುಖ ಯಾಕೆ ಮರೆಮಾಡಿದಿ ಎಂದು ಕೇಳುವವರು ಎಲ್ಲ ಅಲ್ಲಿದ್ದಾರೆ. ಕನ್ನಡಿಗರಿಗೆ ಇದು ಹೊಸದೇನಲ್ಲ. ನಮ್ಮ ದಾಸರು ವಿಠಲನನ್ನು ಗದರಿಸಿ ಹಾಡಿದ್ದನ್ನು ಕೇಳುತ್ತಲೇ ಬೆಳೆದವರು ನಾವು. ಬೆಟಗೇರಿಯಲ್ಲಿ ಪಕ್ಕದ ಮನೆಯ ಭಜನೆ ನಮ್ಮ ಮನೆ ಪ್ರಾರ್ಥನೆಯ ನಡುವೆಯೇ ತೇಲಿಬರುತ್ತಿತ್ತು. ದೇವರ ಜೊತೆ ಜಗಳವಾಡುವವನು ದೇವರನ್ನು ಬಿಟ್ಟವನಲ್ಲ.

ದೂರಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಗೆ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಎಜ್ರಾಹ್ಯನಾದ ಹೇಮಾನನ ಹೆಸರಿನಲ್ಲಿರುವ ಆ ಕೀರ್ತನೆ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ವಚನವನ್ನು ಯಾರೂ ಕೊನೆಗೆ ಅಂಟಿಸಲಿಲ್ಲ. ಅದನ್ನು ಗಟ್ಟಿಯಾಗಿ ಓದಿ ಮುಗಿಸಿದ ಬೆಳಿಗ್ಗೆ ನನಗೆ ಸಮಾಧಾನವಾಯಿತು. ಇಂಥ ಮಾತನ್ನೂ ದೇವರ ಪುಸ್ತಕದಲ್ಲಿ ಇಟ್ಟಿದ್ದಾರೆಂದರೆ ಇಂಥವರಿಗೂ ಅಲ್ಲಿ ಜಾಗವಿದೆ.

ಆಮೇಲೆ ಮಳೆ ಬಂತೇ ಎಂದು ಕೇಳುವವರಿದ್ದಾರೆ. ಬಂದಿದೆ, ನಿಂತಿದೆ, ಮತ್ತೆ ಬಂದಿದೆ. ಮೊದಲಿನ ಉಕ್ಕುವ ಸಂತೋಷ ಮರಳಿಲ್ಲ. ಮರಳಬೇಕೆಂಬ ಹಟವೂ ಈಗ ಇಲ್ಲ. ಕೋಲ್ಕತ್ತದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಆಕೆ ಸುಮಾರು ಐವತ್ತು ವರ್ಷ ಒಳಗಿನ ಕತ್ತಲೆಯಲ್ಲೇ ಸೇವೆ ಮಾಡಿದರೆಂದು ತಿಳಿದು ಲೋಕವೇ ಬೆರಗಾಯಿತು. ಅವರ ಎತ್ತರ ನನ್ನದಲ್ಲ. ಆದರೆ ಬೆಳವಣಿಗೆ ಎಂದರೆ ಎದೆ ತುಂಬಿ ಬರುವುದು ಎಂದು ನಂಬಿದ್ದ ನನಗೆ, ಅದು ಬೇರೆ ಕಡೆಯೂ ಆಗುತ್ತದೆ ಎಂದು ತಿಳಿದದ್ದು ಈ ಒಣ ಕಾಲದಲ್ಲಿ. ಈಗ ಪ್ರಾರ್ಥನೆ ಬರುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಗಾಬರಿಯಾಗುವುದಿಲ್ಲ, ಕಾರಣ ಕೇಳುವುದಿಲ್ಲ. ಜೊತೆಗೆ ಕೂರುತ್ತೇನೆ. ಅವರ ಹೆಸರನ್ನು ಬರೆದುಕೊಂಡು ದಿನವೂ ಗಟ್ಟಿಯಾಗಿ ಓದುತ್ತೇನೆ. ನನಗಾಗಿ ಪ್ರಾರ್ಥಿಸಲು ಬಾರದ ದಿನವೂ ಇನ್ನೊಬ್ಬರ ಹೆಸರು ಹೇಳಲು ಬರುತ್ತದೆ. ಇದು ಮೊದಲು ನನ್ನಲ್ಲಿ ಇರಲಿಲ್ಲ.

ಒಣಗಿದ ಕಾಲದಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಎದ್ದು ಹೋಗಬೇಡಿ. ಹಿಂದಿನ ಬೆಂಚಿನಲ್ಲಾದರೂ ಕೂತಿರಿ. ಹಾಡದಿದ್ದರೂ ಹಾಡುವವರ ಪಕ್ಕ ಇರಿ.

ಸಭಾಪಾಲಕರಲ್ಲೂ ನನ್ನದೊಂದು ಕೋರಿಕೆ. ವರ್ಷದಲ್ಲಿ ಒಂದು ಭಾನುವಾರವಾದರೂ 88ನೆಯ ಕೀರ್ತನೆಯನ್ನು ಆರಾಧನೆಯಲ್ಲಿ ಓದಿಸಿ. ಅದಕ್ಕೆ ವಿವರಣೆ ಬೇಡ, ಕೂಡಲೇ ಹರ್ಷದ ಹಾಡು ಬೇಡ. ಓದಿಸಿ, ಸ್ವಲ್ಪ ಹೊತ್ತು ಬಿಡಿ. ಕೂತವರಲ್ಲಿ ಯಾರಿಗೆ ಅದು ಬೇಕಾಗಿತ್ತೋ ಅವರಿಗೆ ತಲುಪುತ್ತದೆ. ಆ ಕೀರ್ತನೆಯಲ್ಲಿರುವುದು ಹದಿನೆಂಟು ವಚನ. ಓದಲು ಎರಡು ಮೂರು ನಿಮಿಷ ಸಾಕು.